ಹಬ್ಬದ ಸಿಹಿ, ಪುಟ್ಟ ಕೈ: ಮಗುವಿನ ಜೊತೆ ಯಾವುದನ್ನು ಮಾಡಬಹುದು, ಯಾವುದು ಬೇಡ

ಹೋದ ವರ್ಷ ದೀಪಾವಳಿಗೆ ಜಾಮೂನು ಮಾಡೋಣ ಬಾ ಅಂತ ನಾನೇ ಮಗಳನ್ನು ಕರೆದೆ. ಅವಳಿಗೆ ಆಗ ನಾಲ್ಕು ವರ್ಷ. ಅಂಗಡಿಯಿಂದ ತಂದ ಪೊಟ್ಟಣದ ಹಿಟ್ಟು, ಕಲಸಿದರೆ ಆಯಿತು. ಉಂಡೆ ಕಟ್ಟುವುದು ಅವಳ ಕೆಲಸ. ಇದಕ್ಕಿಂತ ಸುಲಭ ಇನ್ನೇನಿದೆ ಅಂದುಕೊಂಡಿದ್ದೆ. ಅವಳೂ ತಟ್ಟೆ ತುಂಬ ಉಂಡೆ ಕಟ್ಟಿದಳು. ಒಂದು ಗೋಲಿಯಷ್ಟು, ಇನ್ನೊಂದು ನಿಂಬೆಹಣ್ಣಿನಷ್ಟು. ಎಲ್ಲದರ ಮೈಮೇಲೂ ಬಿರುಕು. ಬಿರುಕಿರುವ ಜಾಮೂನು ಎಣ್ಣೆಗೆ ಬಿದ್ದರೆ ಒಡೆದುಕೊಳ್ಳುತ್ತದೆ. ಅದಕ್ಕೇ ಅವಳು ನೀರು ಕುಡಿಯಲು ಹೋದಾಗ ಒಂದೊಂದನ್ನೇ ಎತ್ತಿ ಮತ್ತೆ ಉರುಟಿ ನುಣ್ಣಗೆ ಮಾಡತೊಡಗಿದೆ. ಸಿಕ್ಕಿಬಿದ್ದೆ. "ಇದು ನಾನು ಮಾಡಿದ್ದಲ್ಲ" ಅಂತ ಅವಳು ಅತ್ತದ್ದು ಪಕ್ಕದ ಮನೆಯವರೆಗೂ ಕೇಳಿಸಿತು. ಆ ಜಾಮೂನನ್ನು ಅವಳು ಮೂಸಿಯೂ ನೋಡಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ನಾನು "ಸುಲಭ" ಅಂದದ್ದು ನನಗೆ ಸುಲಭವಾದದ್ದನ್ನು. ಮಗುವಿನ ಜೊತೆ ಮಾಡುವಾಗ ಆ ಲೆಕ್ಕ ನಡೆಯುವುದಿಲ್ಲ. ಕೇಸರಿಬಾತ್ ನಮಗೆ ಇಪ್ಪತ್ತು ನಿಮಿಷದ ಕೆಲಸ. ಅದರಲ್ಲಿ ಮಗು ಏನು ಮಾಡಬೇಕು? ದ್ರಾಕ್ಷಿ ಎಣಿಸಬೇಕು, ಅಷ್ಟೇ. ಒಬ್ಬಟ್ಟು ನಮಗೆ ಅರ್ಧ ದಿನದ ರಗಳೆ, ಆದರೆ ಅದರಲ್ಲಿ ಮಗುವಿನ ಕೈಗೆ ಬೇಕಾದಷ್ಟು ಕೆಲಸ ಇದೆ.

ಈಗ ನಾನು ಯಾವ ಸಿಹಿ ಆದರೂ ಮೂರು ಮಾತು ಕೇಳಿಕೊಳ್ಳುತ್ತೇನೆ. ಇದರಲ್ಲಿ ಮಗುವಿನ ಕೈಗೆ ನಿಜವಾದ ಕೆಲಸ ಇದೆಯಾ? ಒಲೆಯ ಕೆಲಸ ಮುಗಿದು, ಪದಾರ್ಥ ಆರಿ, ಆಮೇಲೆ ಕೈ ಹಾಕುವಷ್ಟು ಬಿಡುವು ಸಿಗುತ್ತದಾ? ಸೊಟ್ಟಗಾದರೆ ಏನು ಗತಿ? ಈ ಮೂರನೆಯದೇ ಮುಖ್ಯ. ಕೆಲವು ಸಿಹಿಗಳು ಸೊಟ್ಟಗಿದ್ದರೂ ರುಚಿ ಬಿಟ್ಟುಕೊಡುವುದಿಲ್ಲ. ಕೆಲವು ಒಂದು ಸಣ್ಣ ಬಿರುಕಿಗೆ ಇಡೀ ಬಾಣಲೆಯನ್ನೇ ಕೆಡಿಸುತ್ತವೆ.

ತಂಬಿಟ್ಟೋ, ರವೆ ಉಂಡೆಯೋ?

ಎರಡೂ ಉಂಡೆಯೇ. ಎರಡನ್ನೂ ಅಂಗೈಯಲ್ಲಿ ಒತ್ತಿ ಕಟ್ಟುವುದೇ. ಆದರೆ ಮಗುವಿನ ಕೈಗೆ ಬಂದರೆ ಎರಡಕ್ಕೂ ಅಜಗಜಾಂತರ.

ರವೆ ಉಂಡೆಯನ್ನು ಪಾಕ ಹಿಡಿದು ಮಾಡುವವರು ಒಂದೆಳೆ ಪಾಕಕ್ಕೆ ಹುರಿದ ರವೆ ಸುರಿಯುತ್ತಾರೆ. ಒಂದೆಳೆ ಪಾಕ ಅಂದರೆ ಹೆಚ್ಚುಕಡಿಮೆ 105 ಡಿಗ್ರಿ ಸೆಲ್ಸಿಯಸ್. ಕುದಿಯುವ ನೀರಿಗಿಂತ ಬಿಸಿ. ಅದೂ ನೀರಿನ ಹಾಗೆ ಜಾರಿಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಪಾಕ ಸೇರಿದ ಮೇಲೆ ಉಂಡೆ ಕಟ್ಟಲು ಸಿಗುವುದು ಸ್ವಲ್ಪವೇ ಹೊತ್ತು. ಬಿಸಿ ಇದ್ದಾಗ ಕಟ್ಟಿದರೆ ಕೈ ಸುಡುತ್ತದೆ, ಆರಿದ ಮೇಲೆ ಕಟ್ಟಿದರೆ ಉದುರುತ್ತದೆ. ಅಮ್ಮ ಅಂಗೈಗೆ ತುಪ್ಪ ಸವರಿಕೊಂಡು, ಉಫ್ ಉಫ್ ಅನ್ನುತ್ತಾ, ಇಪ್ಪತ್ತು ಉಂಡೆಯನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದುದು ನೆನಪಿದೆ. ಆ ಐದು ನಿಮಿಷ ನಾವು ಯಾರೂ ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಮಗುವಿಗೆ ಹೊಂದುವ ಬಿಸಿ ಬರುವಷ್ಟರಲ್ಲಿ ಈ ಉಂಡೆಯ ಕಾಲ ಮುಗಿದಿರುತ್ತದೆ.

ಹುರಿಗಡಲೆ ತಂಬಿಟ್ಟಿಗೆ ಆ ಅವಸರ ಇಲ್ಲ. ಪಾಕ ಬಿಟ್ಟು ಬೆಲ್ಲದ ಪುಡಿಯಲ್ಲೇ ಮಾಡಿದರಂತೂ ಒಲೆಯ ಕೆಲಸ ತುಪ್ಪ ಕರಗಿಸುವುದು, ಎಳ್ಳು ಹುರಿಯುವುದು, ಅಷ್ಟೇ. ನಮ್ಮ ಮನೆ ಅಳತೆ ಹೀಗಿದೆ. ಒಂದು ಲೋಟ ಹುರಿಗಡಲೆ ಪುಡಿ, ಮುಕ್ಕಾಲು ಲೋಟ ಬೆಲ್ಲದ ಪುಡಿ, ಕಾಲು ಲೋಟ ಒಣಕೊಬ್ಬರಿ ತುರಿ, ಎರಡು ಚಮಚ ಹುರಿದ ಎಳ್ಳು, ಚಿಟಿಕೆ ಏಲಕ್ಕಿ ಪುಡಿ. ಇದಕ್ಕೆ ಉಗುರುಬೆಚ್ಚಗಿನ ತುಪ್ಪವನ್ನು ಒಂದೊಂದೇ ಚಮಚ ಹಾಕಿ ಕಲಸುತ್ತಾ ಹೋಗುವುದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಮುದ್ದೆಯಾಗಿ ನಿಲ್ಲಬೇಕು. ಐದಾರು ಚಮಚಕ್ಕೆ ಸರಿಹೋಗುತ್ತದೆ. ಮಗುವಿನ ಮುಷ್ಟಿಯ ಅಳತೆಗೆ ಹದಿನೈದಿಪ್ಪತ್ತು ಉಂಡೆ ಆಗುತ್ತವೆ.

ಇದರಲ್ಲಿ ಮಗುವಿನ ಪಾಲು ಎಷ್ಟು ನೋಡಿ. ಅಳೆದು ಸುರಿಯುವುದು, ಗಂಟು ಒಡೆಯುವುದು, ಕಲಸುವುದು, ಕಟ್ಟುವುದು. ಸುಮಾರು ಮುಕ್ಕಾಲು ಪಾಲು ಕೆಲಸ ಅವರದೇ. ಉಂಡೆ ಒಡೆದುಹೋಯಿತಾ, ಮತ್ತೆ ಬಟ್ಟಲಿಗೆ ಹಾಕಿ ಮತ್ತೆ ಕಟ್ಟಿದರಾಯಿತು. ಹತ್ತು ಸಲ ಒಡೆದು ಕಟ್ಟಿದರೂ ಹಿಟ್ಟು ಬೇಜಾರು ಮಾಡಿಕೊಳ್ಳುವುದಿಲ್ಲ. ಶಿವರಾತ್ರಿಗೆ, ವರಮಹಾಲಕ್ಷ್ಮಿಗೆ, ನಾಗರ ಪಂಚಮಿಗೆ, ಮೂರಕ್ಕೂ ಸಲ್ಲುವ ಸಿಹಿ ಇದು. ಮೊದಲ ಸಲ ಮಗುವನ್ನು ಅಡುಗೆಗೆ ಕೂರಿಸುವವರು ಕಣ್ಣುಮುಚ್ಚಿ ಇದರಿಂದ ಶುರುಮಾಡಿ.

ಒಂದು ತೊಡಕಿದೆ. ಉಂಡೆ ನಿಲ್ಲಲಿಲ್ಲ ಅಂತ ತುಪ್ಪದ ಬದಲು ಹಾಲು ಚಿಮುಕಿಸಬೇಡಿ. ಚಿಮುಕಿಸಿದರೆ ಒಂದೆರಡು ದಿನದಲ್ಲಿ ತಿಂದು ಮುಗಿಸಬೇಕು. ತುಪ್ಪದ್ದೇ ಆದರೆ ಡಬ್ಬಿಯಲ್ಲಿ ವಾರ ಇಟ್ಟರೂ ಏನೂ ಆಗುವುದಿಲ್ಲ. ಬೆಲ್ಲದ ಪುಡಿಯನ್ನೂ ಬೆರಳಲ್ಲಿ ಉಜ್ಜಿ ನೋಡಿ ತನ್ನಿ. ಪಾಕ ಮಾಡುವಾಗ ಸೋಸಿದರೆ ಮರಳು ಹೋಗುತ್ತದೆ, ಇಲ್ಲಿ ಸೋಸುವ ಅವಕಾಶವೇ ಇಲ್ಲ.

ಉತ್ತರ ಕರ್ನಾಟಕದವರಿಗೆ ಪಂಚಮಿ ಅಂದರೆ ಉಂಡಿ ಹಬ್ಬವೇ. ಜೋಕಾಲಿ ಒಂದು ಕಡೆ, ಡಬ್ಬಿ ಡಬ್ಬಿ ಉಂಡಿ ಇನ್ನೊಂದು ಕಡೆ. ಅದರಲ್ಲಿ ಶೇಂಗಾ ಉಂಡಿಯನ್ನು ಮಕ್ಕಳ ಜೊತೆ ಮಾಡುವುದಾದರೆ ಪಾಕದ್ದು ಬಿಟ್ಟು ಕುಟ್ಟಿದ್ದನ್ನು ಮಾಡಿ. ಹುರಿದು ಸಿಪ್ಪೆ ತೆಗೆದ ಶೇಂಗಾ, ಬೆಲ್ಲ, ಎರಡನ್ನೂ ಕುಟ್ಟುತ್ತಾ ಹೋದರೆ ಶೇಂಗಾದ ಎಣ್ಣೆ ಬಿಟ್ಟುಕೊಂಡು ತಾನೇ ಅಂಟುತ್ತದೆ. ಎಳ್ಳಿನ ಚಿಗಳಿಯೂ ಹಾಗೇ. ಪುಟ್ಟ ಕುಟ್ಟಾಣಿ ಕೊಟ್ಟು ನೆಲದ ಮೇಲೆ ಕೂರಿಸಿದರೆ ಕುಟ್ಟುವ ಸದ್ದಿಗೇ ಅರ್ಧ ಗಂಟೆ ಕಳೆಯುತ್ತಾರೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿಡಿ.

ಕಡುಬು: ಎಣ್ಣೆಯೋ, ಹಬೆಯೋ?

ಗಣೇಶನ ಹಬ್ಬಕ್ಕೆ ಕರಿಗಡುಬು ಮಾಡುವ ಮನೆಗಳಲ್ಲಿ ಮಕ್ಕಳಿಗೆ ಕಡುಬು ಮಡಿಸುವ ಆಸೆ ಸಹಜ. ಕಡುಬಿನ ಅಚ್ಚು ಸಿಗುತ್ತದಲ್ಲ, ನಡುವೆ ಹಾಳೆ ಇಟ್ಟು ಹೂರಣ ಹಾಕಿ ಟಪ್ ಅಂತ ಮುಚ್ಚುವುದು, ಅದು ಅವರಿಗೆ ಆಟದ ಸಾಮಾನೇ. ಆದರೆ ಮಗು ಹೂರಣವನ್ನು ಯಾವತ್ತೂ ಕಡಿಮೆ ತುಂಬುವುದಿಲ್ಲ. ಜಾಸ್ತಿ ತುಂಬಿದ ಕಡುಬಿನ ಅಂಚು ಬಿಡುತ್ತದೆ. ಅಂಚು ಬಿಟ್ಟ ಕಡುಬು ಎಣ್ಣೆಗಿಳಿದರೆ ಕಾಯಿ ಬೆಲ್ಲ ಹೊರಗೆ ಚೆಲ್ಲಿ ಕಪ್ಪಗೆ ಸೀದು, ಆಮೇಲೆ ಕರಿಯುವ ಕಡುಬಿಗೆಲ್ಲ ಚುಕ್ಕೆ ಹಿಡಿಯುತ್ತದೆ. ಎಣ್ಣೆ ಸಿಡಿಯುವುದು ಬೇರೆ. ಜಾಮೂನಿನ ಕಥೆಯೇ ಇಲ್ಲೂ.

ಹಬೆಯಲ್ಲಿ ಬೇಯಿಸುವ ಕಡುಬು ಹಾಗಲ್ಲ. ಬಾಯಿ ಬಿಟ್ಟರೆ ಬೆಲ್ಲದ ನೀರು ಒಂದಿಷ್ಟು ಸೋರುತ್ತದೆ, ಅಷ್ಟೇ. ಅದನ್ನು ನೆಕ್ಕಲು ಜನ ಇದ್ದೇ ಇರುತ್ತಾರೆ.

ಹಬೆಯ ಸಿಹಿಗಳಲ್ಲಿ ನನ್ನ ಮಟ್ಟಿಗೆ ಮಕ್ಕಳಿಗೆಂದೇ ಹುಟ್ಟಿದ್ದು ಕರಾವಳಿಯ ಅರಿಶಿನ ಎಲೆ ಕಡುಬು. ಕೊಂಕಣಿಯವರು ಪಾತೋಳಿ ಅನ್ನುತ್ತಾರೆ. ನಾಗರ ಪಂಚಮಿಯ ಹೊತ್ತಿಗೆ ಅರಿಶಿನ ಗಿಡ ಎಲೆ ಬಿಟ್ಟು ನಿಂತಿರುತ್ತದೆ, ಆ ಎಲೆಯ ಮೇಲೇ ಈ ಸಿಹಿ. ನಾನು ಬಯಲುಸೀಮೆಯವಳು, ಮದುವೆಯಾದ ಮೇಲೆ ಅತ್ತೆ ಮನೆಯಲ್ಲಿ ಕಲಿತದ್ದು. ಬೆಳ್ತಿಗೆ ಅಕ್ಕಿಯನ್ನು, ಅಂದರೆ ಕುಸುಬಲು ಅಲ್ಲದ ಬಿಳಿ ಅಕ್ಕಿಯನ್ನು, ಮೂರ್ನಾಲ್ಕು ಗಂಟೆ ನೆನೆಸಿ, ಚಿಟಿಕೆ ಉಪ್ಪು ಹಾಕಿ, ನೀರು ಕಡಿಮೆ ಇಟ್ಟು ನುಣ್ಣಗೆ ರುಬ್ಬಬೇಕು. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಎಲೆಯ ಮೇಲೆ ಹರಿದುಹೋಗಬಾರದು. ಕಾಯಿತುರಿ ಬೆಲ್ಲವನ್ನು ಸ್ವಲ್ಪ ಬಿಸಿ ಮಾಡಿ, ನೀರು ಆರುವವರೆಗೆ ಕೈಯಾಡಿಸಿ, ಏಲಕ್ಕಿ ಹಾಕಿ ತಣ್ಣಗಾಗಲು ಬಿಡಬೇಕು. ಇಷ್ಟನ್ನು ಮಗು ಮಲಗಿದ್ದಾಗ ಮುಗಿಸಿಡಬಹುದು.

ಆಮೇಲಿನದ್ದೆಲ್ಲ ತಣ್ಣನೆಯ ಕೆಲಸ. ಎಲೆ ತೊಳೆದು ಒರೆಸುವುದು, ಬೆರಳಲ್ಲಿ ಹಿಟ್ಟು ಸವರುವುದು, ನಡುವೆ ಕಾಯಿ ಬೆಲ್ಲ ಹರಡುವುದು, ಎಲೆಯನ್ನು ಪುಸ್ತಕದ ಹಾಗೆ ಮಡಚುವುದು. ಬೆರಳಿನಲ್ಲಿ ಬಣ್ಣ ಬಳಿದಂತೆಯೇ. ಒಂದು ಲೋಟ ಅಕ್ಕಿಗೆ ಹತ್ತು ಹನ್ನೆರಡು ಎಲೆಯಾದರೂ ಆಗುತ್ತವೆ, ಎಲೆ ದೊಡ್ಡದಿದ್ದರೆ ಕಡಿಮೆ. ಇಡ್ಲಿ ಪಾತ್ರೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಬೇಯಿಸಿದರೆ ಮನೆ ತುಂಬ ಘಮ. ಎಲೆ ಬಿಡಿಸಿದಾಗ ಎಲೆಯ ಗೆರೆಗಳೆಲ್ಲ ಕಡುಬಿನ ಮೈಮೇಲೆ ಮೂಡಿರುತ್ತವೆ. ಮಗಳು ಅದನ್ನು ನೋಡಿ "ಯಾರು ಬರೆದದ್ದು?" ಅಂದಿದ್ದಳು.

ಬಾಣಲೆಯನ್ನು ದೂರ ಇಟ್ಟೆ ಅಂತ ಮೈಮರೆಯುವ ಹಾಗಿಲ್ಲ. ಹಬೆಯ ಪಾತ್ರೆಯ ಮುಚ್ಚಳ ತೆಗೆಯುವ ಗಳಿಗೆ ಅಪಾಯದ್ದು. ಹಬೆ ಕಣ್ಣಿಗೆ ಕಾಣುವುದೇ ಇಲ್ಲ, ಮಗು ಇಣುಕಲು ಬಂದೇ ಬರುತ್ತದೆ. ಮುಚ್ಚಳವನ್ನು ನಾವೇ, ನಮ್ಮ ಕಡೆಯ ಅಂಚು ತಗ್ಗಿಸಿ ಆಚೆ ಕಡೆ ಎತ್ತಿ ತೆಗೆಯಬೇಕು. ಬಿಡಿಸುವ ಕೆಲಸವನ್ನೂ ಹತ್ತು ನಿಮಿಷ ಆರಿದ ಮೇಲೇ ಕೊಡಬೇಕು, ಒಳಗಿನ ಬೆಲ್ಲ ಬಹಳ ಹೊತ್ತು ಬಿಸಿ ಇರುತ್ತದೆ. ಬೆಂಗಳೂರಿನಲ್ಲಿ ಎಲೆ ಎಲ್ಲಿ ಸಿಗುತ್ತದೆ ಅನ್ನುವವರು ಆ ದಿನಗಳಲ್ಲಿ ಹತ್ತಿರದ ಮಂಗಳೂರು ಸ್ಟೋರ್‌ನಲ್ಲಿ ಕೇಳಿ ನೋಡಿ. ಸಿಗದಿದ್ದರೆ ಬಾಳೆಲೆ. ಘಮ ಇರುವುದಿಲ್ಲ, ಆಟ ಇರುತ್ತದೆ.

ಒಬ್ಬಟ್ಟನ್ನು ಹಬ್ಬದ ಮರುದಿನಕ್ಕಿಡಿ

ಒಬ್ಬಟ್ಟು ಕಷ್ಟದ ಸಿಹಿ, ಮಕ್ಕಳಿಗೆ ಬೇಡ ಅಂತ ಹೇಳುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಕಷ್ಟ ಇರುವುದು ಎರಡೇ ಕಡೆ. ಹೂರಣದ ಹದ ಒಂದು, ಹೆಂಚಿನ ಮುಂದೆ ನಿಲ್ಲುವುದು ಇನ್ನೊಂದು. ಎರಡೂ ನಮ್ಮ ಪಾಲು. ನಡುವೆ ಇರುವುದೆಲ್ಲ ಜೇಡಿಮಣ್ಣಿನ ಆಟ. ಹೂರಣವನ್ನು ಉಂಡೆ ಮಾಡಿ ಸಾಲಾಗಿ ಜೋಡಿಸುವುದು, ಎಣ್ಣೆಯಲ್ಲಿ ನೆನೆದ ಕಣಕವನ್ನು ಎಳೆಯುವುದು, ಬಾಳೆಲೆಯ ಮೇಲೋ ಒಬ್ಬಟ್ಟಿನ ಹಾಳೆಯ ಮೇಲೋ ತಟ್ಟುವುದು. ಚಿರೋಟಿ ರವೆಯ ಕಣಕದಷ್ಟು ಹಿತವಾದ ವಸ್ತು ಮಗುವಿನ ಕೈಗೆ ಬೇರೊಂದು ಸಿಗಲಿಕ್ಕಿಲ್ಲ. ಎಳೆದಷ್ಟೂ ಬರುತ್ತದೆ.

ಕಣಕದೊಳಗೆ ಹೂರಣ ಮುಚ್ಚುವುದು ಮಾತ್ರ ನಾಲ್ಕೈದು ವರ್ಷದವರಿಗೆ ಬಾರದು. ಅದನ್ನು ನಾವು ಮಾಡಿ ಕೊಟ್ಟು, ತಟ್ಟಲು ಅವರಿಗೆ ಬಿಡಬಹುದು. ಪೂರಿಯ ಗಾತ್ರ ಸಾಕು. ಅಲ್ಲಲ್ಲಿ ಹರಿದು ಹೂರಣ ಇಣುಕಿದರೆ ಹೆಂಚಿಗೆ ಹತ್ತುತ್ತದೆ, ನಿಜ. ಆದರೆ ಕೆಡುವುದು ಆ ಒಂದೇ ಒಬ್ಬಟ್ಟು. ಹೆಂಚು ಒರೆಸಿ ಮುಂದಿನದ್ದು ಹಾಕಿದರಾಯಿತು.

ಒಬ್ಬಟ್ಟಿನ ನಿಜವಾದ ತೊಂದರೆ ಗಡಿಯಾರದ್ದು. ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ, ತೋರಣ, ಬೇವು ಬೆಲ್ಲ, ಪೂಜೆ, ಹನ್ನೆರಡಕ್ಕೆ ನೆಂಟರು. ಅದರ ನಡುವೆ ಮಗುವಿನ ಕೈಗೆ ಕಣಕ ಕೊಟ್ಟರೆ ಇಬ್ಬರಿಗೂ ಅಳು. ಹಾಗಾಗಿ ಹೂರಣ, ಕಣಕ ಎರಡನ್ನೂ ಒಂದು ಹಿಡಿ ಜಾಸ್ತಿ ಮಾಡಿ ಫ್ರಿಜ್‌ನಲ್ಲಿಟ್ಟು, ಮರುದಿನ ಸಂಜೆ ನಾಲ್ಕಕ್ಕೆ ಕೂತುಕೊಳ್ಳಿ. ಅವತ್ತು ಯಾರಿಗೂ ಅವಸರ ಇರುವುದಿಲ್ಲ. ಬೇಳೆ ಬಸಿದ ಕಟ್ಟಿನ ಸಾರು ಇನ್ನೂ ಇರುತ್ತದೆ, ಮರುದಿನಕ್ಕೇ ಅದರ ರುಚಿ ಅಲ್ವಾ. ಹಬ್ಬದ ದಿನವೇ ಎಲ್ಲವೂ ಆಗಬೇಕು ಅನ್ನುವ ಹಟ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಕೂಗಾಟ ಎಷ್ಟೋ ಕಡಿಮೆಯಾಗಿದೆ.

ಎಳ್ಳು ಬೆಲ್ಲ, ಸಕ್ಕರೆ ಅಚ್ಚು

ಸಂಕ್ರಾಂತಿಗೆ ಎರಡೂ ಒಂದೇ ತಟ್ಟೆಯಲ್ಲಿ ಹೋಗುತ್ತವೆ. ಮಾಡುವ ರೀತಿ ಮಾತ್ರ ಪೂರ್ತಿ ಬೇರೆ.

ಸಕ್ಕರೆ ಅಚ್ಚು ಅಂದರೆ ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಮತ್ತೆ ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ, ಗಟ್ಟಿಯಾಗುವ ಮೊದಲೇ ಸುರಿಯಬೇಕು. ಇದರಲ್ಲಿ ಮಗುವಿನ ಪಾಲಿಗೆ ಬರುವುದು ಒಂದೇ ಗಳಿಗೆ. ಆರಿದ ಮೇಲೆ ದಾರ ಬಿಚ್ಚಿ ಅಚ್ಚು ತೆರೆಯುವುದು. ಒಳಗಿಂದ ಆನೆಯೋ ಬಾತುಕೋಳಿಯೋ ಗೋಪುರವೋ ಎದ್ದುಬರುವ ಆ ಗಳಿಗೆಯ ಸೊಗಸಿಗೆ ಸಾಟಿ ಇಲ್ಲ, ಒಪ್ಪಿದೆ. ಆದರೆ ಆ ಒಂದು ಗಳಿಗೆಗಾಗಿ ಎರಡು ಗಂಟೆ "ಹತ್ತಿರ ಬರಬೇಡ, ಹತ್ತಿರ ಬರಬೇಡ" ಅನ್ನಬೇಕು. ಏಳೆಂಟು ವರ್ಷದವರಾದರೆ ಸರಿ, ಅವರಿಗೆ ಕಾಯುವುದು ಗೊತ್ತು. ಚಿಕ್ಕವರಿದ್ದರೆ ಅಚ್ಚನ್ನು ಅಂಗಡಿಯಿಂದ ತನ್ನಿ. ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೋಗಿ ಬಂಡಿಯ ಮುಂದೆ ನಿಂತು ಆರಿಸುವುದೂ ಹಬ್ಬದ ಭಾಗವೇ.

ಎಳ್ಳು ಬೆಲ್ಲ ಇದಕ್ಕೆ ಪೂರ್ತಿ ವಿರುದ್ಧ. ಅದು ಅಡುಗೆಯೇ ಅಲ್ಲ, ಸಣ್ಣ ಸಣ್ಣ ಕೆಲಸಗಳ ಗಂಟು. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ನಮ್ಮಲ್ಲಿ ಒಂದು ಪಾಲು ಎಳ್ಳಿಗೆ ಉಳಿದ ನಾಲ್ಕೂ ಎರಡೆರಡು ಪಾಲು. ಹಬ್ಬಕ್ಕೆ ವಾರ ಇರುವಾಗ ಶುರು. ಒಂದು ದಿನ ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ. ಒಂದು ದಿನ ಕಡಲೆಕಾಯಿ ಬೀಜ ಹುರಿದು ಆರಿಸಿ ಸಿಪ್ಪೆ ಉಜ್ಜುವುದು. ಒಂದು ದಿನ ಎಳ್ಳು. ಕೊನೆಗೆ ಎಲ್ಲ ಬೆರೆಸಿ ಪೊಟ್ಟಣ ಕಟ್ಟುವುದು. ನಾಲ್ಕು ವರ್ಷದ ಮಗು ಒಂದು ಕೆಲಸದಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಅದೇ ದೊಡ್ಡದು. ಎಳ್ಳು ಬೆಲ್ಲದ ಪ್ರತಿ ಕೆಲಸವೂ ಅಷ್ಟೇ ಉದ್ದ.

ಸಿಪ್ಪೆ ಊದುವ ಕೆಲಸ ಇದೆಯಲ್ಲ, ಅದಕ್ಕೊಂದು ಮಾತು ಹೇಳಲೇಬೇಕು. ಮಕ್ಕಳು ಬೀಜ ಉಜ್ಜುವುದು ಸ್ವಲ್ಪ, ಊದುವುದು ಜಾಸ್ತಿ. ಇಡೀ ಬಾಲ್ಕನಿ ಕೆಂಪು ಸಿಪ್ಪೆ. ಮೊರದಲ್ಲಿ ಕೇರುವುದನ್ನು ಅಜ್ಜಿಯಿಂದ ಕಲಿಸಿ. ನನಗೇ ಇನ್ನೂ ಸರಿಯಾಗಿ ಬರುವುದಿಲ್ಲ, ಬೀಜವೂ ಹಾರಿಹೋಗುತ್ತದೆ.

ಇಲ್ಲಿ ಒಲೆಯ ಭಯ ಇಲ್ಲ, ಗಂಟಲಿನ ಭಯ ಇದೆ. ಐದು ವರ್ಷದೊಳಗಿನವರಿಗೆ ಇಡೀ ಬೀಜ ತಿನ್ನಲು ಕೊಡಬೇಡಿ, ಉಸಿರು ಕಟ್ಟುವ ಅಪಾಯ ಇರುತ್ತದೆ. ಗಟ್ಟಿ ಕೊಬ್ಬರಿ ಚೂರು, ಬೆಲ್ಲದ ಅಚ್ಚು, ಹುರಿಗಡಲೆ ಎಲ್ಲ ಅದೇ ಸಾಲಿಗೆ. ಅವರ ಪಾಲನ್ನು ಬೇರೆ ತೆಗೆದು ಮಿಕ್ಸಿಯಲ್ಲಿ ಪುಡಿ ಮಾಡಿಕೊಡಿ, ಚಮಚದಲ್ಲಿ ತಿನ್ನುತ್ತಾರೆ. ಕೂತು ತಿನ್ನಲಿ, ಓಡಾಡುತ್ತಾ ಬೇಡ. ಕಡಲೆಕಾಯಿ, ಎಳ್ಳು ಆಗದ ಮಕ್ಕಳೂ ಇರುತ್ತಾರೆ, ಎಳ್ಳು ಬೀರಲು ಹೋದ ಮನೆಯಲ್ಲಿ ಒಂದು ಮಾತು ಕೇಳಿ ಕೊಡುವುದು ಒಳ್ಳೆಯದು.

ಕ್ರಿಸ್‌ಮಸ್ಸಿನ ಕಿಡಿಯೊ

ಮಂಗಳೂರಿನ ಕ್ರೈಸ್ತ ಮನೆಗಳ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ ಕಿಡಿಯೊ ಇದ್ದೇ ಇರುತ್ತದೆ. ಕೊಂಕಣಿಯಲ್ಲಿ ಹುಳು ಅಂತ ಅರ್ಥ, ಆಕಾರವೂ ಹಾಗೇ. ಬೆರಳ ತುದಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಗೆರೆ ಗೆರೆಯ ಪುಟ್ಟ ಹುಳ. ಕರಿದು ಸಕ್ಕರೆ ಪಾಕ ಹಿಡಿಸುವುದು ದೊಡ್ಡವರು. ಇದು ಎಣ್ಣೆಯ ಸಿಹಿಯಾದರೂ ನಾನು ಬೇಡದ ಪಟ್ಟಿಗೆ ಸೇರಿಸುವುದಿಲ್ಲ. ಒಳಗೆ ಹೂರಣ ಇಲ್ಲ, ಹಾಗಾಗಿ ಸೊಟ್ಟಗಿದ್ದರೂ ಒಡೆದು ಚೆಲ್ಲುವುದು ಏನೂ ಇಲ್ಲ. ಸುತ್ತುವ ಕೆಲಸ ಊಟದ ಮೇಜಿನ ಮೇಲೆ, ಕರಿಯುವುದು ಮಕ್ಕಳು ಮಲಗಿದ ಮೇಲೆ. ಗೆಳತಿಯ ಮನೆಯಲ್ಲಿ ಅಜ್ಜಿ, ಚಿಕ್ಕಮ್ಮಂದಿರು, ಆರು ಮಕ್ಕಳು ಒಂದೇ ಮೇಜಿಗೆ ಕೂತು ಸುತ್ತುವುದನ್ನು ನೋಡಿದ್ದೇನೆ. ಒಬ್ಬರೇ ಒಂದು ಮಗುವಿನ ಜೊತೆ ಕೂತರೆ ಮಾತ್ರ ಮುಗಿಯದ ಕೆಲಸ. ಕಾಲು ಕಿಲೋ ಹಿಟ್ಟಿಗಿಂತ ಜಾಸ್ತಿ ಕಲಸಬೇಡಿ.

ಬೇಡವೇ ಬೇಡ ಅನ್ನುವವು

ಮೈಸೂರು ಪಾಕ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಮೊದಲು ಮಾಡಿದ್ದು ಅಂತ ಹೇಳುತ್ತಾರೆ, ಕಥೆ ಹೇಳಿ ತಿನ್ನಿಸಿ. ಮಾಡುವಾಗ ಮಾತ್ರ ಮಗುವನ್ನು ತಾತನ ಜೊತೆ ಪಾರ್ಕಿಗೆ ಕಳಿಸಿ. ಬಿಸಿ ತುಪ್ಪ ಹುಯ್ಯುತ್ತಾ ಕೈ ಬಿಡದೆ ತಿರುವಬೇಕು, ಒಂದು ಕಣ್ಣು ಬಾಣಲೆಗೆ, ಒಂದು ಕಣ್ಣು ಮಗುವಿಗೆ ಅಂದರೆ ಎರಡೂ ಕೈತಪ್ಪುತ್ತವೆ. ಕಜ್ಜಾಯವೂ ಅಷ್ಟೇ. ಅಕ್ಕಿ ನೆನೆಸುವುದರಿಂದ ಪಾಕದವರೆಗೆ ಎಲ್ಲವೂ ಹದದ ಆಟ, ದೊಡ್ಡವರಿಗೇ ಕೈಕೊಡುತ್ತದೆ. ಜಿಲೇಬಿ, ಚಿರೋಟಿ ಬಗ್ಗೆ ಹೇಳುವುದೇ ಬೇಡ.

ಮಗು ಇನ್ನೂ ಎರಡು ಮೂರು ವರ್ಷದ್ದಾದರೆ?

ಒಲೆ ಹಚ್ಚಲೇಬೇಡಿ. ಕೃಷ್ಣ ಜನ್ಮಾಷ್ಟಮಿಯ ಸಿಹಿ ಅವಲಕ್ಕಿ ಇದೆ. ತೆಳು ಅವಲಕ್ಕಿ, ಬೆಲ್ಲದ ಪುಡಿ, ಕಾಯಿತುರಿ, ಏಲಕ್ಕಿ, ಎರಡು ಚಮಚ ಹಾಲು. ಕೈಯಲ್ಲಿ ಕಲಸುವುದಷ್ಟೇ. ಬಾಳೆಹಣ್ಣಿನ ರಸಾಯನ ಇನ್ನೂ ಸಲೀಸು. ಹಣ್ಣು ಸುಲಿದು ಮುಷ್ಟಿಯಲ್ಲಿ ಹಿಸುಕುವುದು, ಬೆಲ್ಲ, ಕಾಯಿಹಾಲು ಬೆರೆಸುವುದು. ಎರಡು ವರ್ಷ ತುಂಬದವರಿಗೆ ಸಕ್ಕರೆ ಬೆಲ್ಲ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಅವರ ಬಟ್ಟಲಲ್ಲಿ ಬರೀ ಹಣ್ಣು ಕಾಯಿಹಾಲು ಸಾಕು. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ನಮ್ಮಲ್ಲಿ ಇದೆ, ಅದು ಬೇಡವೇ ಬೇಡ.

ಎಂಜಲು, ನೈವೇದ್ಯ, ಬಿಸಿ

ಹಬ್ಬದ ಅಡುಗೆಗೆ ಮಗುವನ್ನು ಕೂರಿಸಿದರೆ ಮನೆಯಲ್ಲಿ ಏಳುವ ಮೊದಲ ಮಾತು ಎಂಜಲಿನದ್ದು. ಕಲಸುತ್ತಾ ನೆಕ್ಕುತ್ತಾರೆ, ನೆಕ್ಕಿದ ಕೈಯಲ್ಲೇ ಮತ್ತೆ ಕಲಸುತ್ತಾರೆ. ದೇವರಿಗೆ ಇಡುವುದು ಹೇಗೆ? ನಮ್ಮ ಅತ್ತೆ ಮೊದಲ ವರ್ಷ ಮುಖ ಗಂಟಿಕ್ಕಿದ್ದರು. ಈಗ ಎಲ್ಲ ಅಳತೆ ಹಾಕಿದ ಮೇಲೆ ಒಂದು ಬಟ್ಟಲಷ್ಟು ಹಿಟ್ಟನ್ನು ಅವರೇ ಮೊದಲು ತೆಗೆದುಕೊಂಡು ನೈವೇದ್ಯದ ಉಂಡೆ ಕಟ್ಟಿ ದೇವರ ಮುಂದೆ ಇಟ್ಟುಬಿಡುತ್ತಾರೆ. ಉಳಿದದ್ದು ಮಗಳ ರಾಜ್ಯ. "ಅಜ್ಜಿ, ನಿಮ್ಮದು ಆಯ್ತಾ?" ಅಂತ ಅವಳೇ ಕೇಳಿ ಕಾಯುತ್ತಾಳೆ. ನೆಂಟರಿಗೆ ಕಳಿಸುವುದಿದ್ದರೂ ಇದೇ ಲೆಕ್ಕ.

ಬಿಸಿಯ ಬಗ್ಗೆ ನಮ್ಮಲ್ಲಿ ಒಂದೇ ನಿಯಮ. ಒಲೆ ಉರಿಯುತ್ತಿದ್ದರೆ ಮಗುವಿನ ಜಾಗ ನೆಲದ ಮೇಲಿನ ಚಾಪೆ ಅಥವಾ ಹೊರಗಿನ ಮೇಜು. ಕಟ್ಟೆಯ ಮೇಲೆ ಕೂರಿಸುವುದಿಲ್ಲ, ಎಷ್ಟು ಮುದ್ದಾಗಿ ಫೋಟೊ ಬಂದರೂ ಸರಿ. ಹಾಗೂ ಕೈ ಸುಟ್ಟರೆ ಕೂಡಲೇ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ತುಪ್ಪ, ಟೂತ್‌ಪೇಸ್ಟ್, ಇಂಕು, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಹೊರದೇಶದಲ್ಲಿರುವ ಅಕ್ಕ ಕೇಳಿದ್ದಕ್ಕೆ ಇದೊಂದನ್ನು ಸೇರಿಸುತ್ತಿದ್ದೇನೆ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಹುರಿಗಡಲೆಯನ್ನು ದಾಲಿಯಾ ಅಂತ ಬರೆದಿರುತ್ತಾರೆ. ಒಡೆದ ಗೋಧಿಗೂ ಅದೇ ಹೆಸರು. ಅವಳು ಒಮ್ಮೆ ಗೋಧಿ ನುಚ್ಚು ತಂದು, ಮಿಕ್ಸಿಗೆ ಹಾಕಿ, ತಂಬಿಟ್ಟು ಯಾಕೋ ಗಂಟಲಿಗೆ ಇಳಿಯುತ್ತಿಲ್ಲ ಅಂತ ಫೋನ್ ಮಾಡಿದ್ದಳು. ಪೊಟ್ಟಣದ ಮೇಲಿನ ಚಿತ್ರ ನೋಡಿ ತನ್ನಿ. ಶಾಲೆಗೆ ಕಳಿಸುವುದಿದ್ದರೆ ಕಡಲೆಕಾಯಿ ಬಿಡಿ, ಅಲ್ಲಿನ ಎಷ್ಟೋ ಶಾಲೆಗಳು ಬಿಡುವುದಿಲ್ಲ.

ಇನ್ನು, ಯಾವ ಸಿಹಿ ಆರಿಸಿದರೂ ಮಗು ನಡುವೆ ಎದ್ದು ಹೋಗುತ್ತದೆ. ಮೂರು ಉಂಡೆ ಕಟ್ಟಿ, ಕೈ ಫ್ರಾಕಿಗೆ ಒರೆಸಿ, ಸೈಕಲ್ ಹತ್ತಿ ಹೊರಟೇಬಿಡುತ್ತದೆ. ಕರೆಯಬೇಡಿ. ಉಳಿದದ್ದನ್ನು ನೀವೇ ಮುಗಿಸಿ. ಆದರೆ ಮೂರು ಉಂಡೆಗಾಗುವಷ್ಟು ಹಿಟ್ಟನ್ನು ಒಂದು ಬಟ್ಟಲಲ್ಲಿ ಮುಚ್ಚಿಡಿ. ಗಂಟೆ ಬಿಟ್ಟು "ನನ್ನ ಹಿಟ್ಟೆಲ್ಲಿ?" ಅಂತ ಬಂದು ನಿಲ್ಲುತ್ತಾರೆ, ಆಗ ಇಲ್ಲ ಅನ್ನುವ ಹಾಗಿರಬಾರದು.